ಪ್ರಶ್ನೋತ್ತರ: ನಿಯಮದಲ್ಲಿ ತೂತು ಹುಡುಕಿದವರು

ಪ್ರಶ್ನೆ: ಕ್ರಿಕೆಟ್‌ನಲ್ಲಿ ಫಾಲೋ-ಆನ್ (ಮೊದಲ ಇನಿಂಗ್ಸಿನಲ್ಲಿ ಬಹಳ ಹಿಂದೆ ಬಿದ್ದ ತಂಡವನ್ನು ಕೂಡಲೇ ಮತ್ತೆ ಬ್ಯಾಟಿಗೆ ಇಳಿಸುವುದು) ಹೇರುವುದು ಬಿಡುವುದು ಈಗ ಮುಂದಿರುವ ತಂಡದ ನಾಯಕನ ಇಷ್ಟ. ಹಿಂದೆ ಅದು ಕಡ್ಡಾಯವಾಗಿತ್ತಂತೆ, ನಿಜವೇ? ಯಾಕೆ ಬದಲಾಯಿತು? (ಮೈಸೂರು)

ಉತ್ತರ: ನಿಜ. 1854ರಿಂದ 80 ರನ್ ಹಿಂದೆ ಬಿದ್ದ ತಂಡ, 1894ರಿಂದ 120 ರನ್ ಹಿಂದೆ ಬಿದ್ದ ತಂಡ ಕೂಡಲೇ ಮತ್ತೆ ಬ್ಯಾಟ್ ಮಾಡಲೇಬೇಕಿತ್ತು. ಎದುರಾಳಿ ನಾಯಕ ಬೇಡ ಎನ್ನುವ ಹಾಗಿರಲಿಲ್ಲ. ಮುಂದಿರುವ ತಂಡಕ್ಕೆ ಇದರಿಂದ ಲಾಭವೇ ತಾನೆ ಎನಿಸಬಹುದು. ಆದರೆ ಆಗ ಪಿಚ್‌ಗೆ ಮಳೆಬಿಸಿಲಿನಿಂದ ಮರೆ ಇರುತ್ತಿರಲಿಲ್ಲ, ಮೂರನೇ ದಿನಕ್ಕೆ ಅದು ಸವೆದು ಕಿತ್ತುಬರುತ್ತಿತ್ತು. ದಣಿದ ಬೌಲರ್‌ಗಳೇ ಬಿಡುವಿಲ್ಲದೆ ಮತ್ತೆ ಬೌಲ್ ಮಾಡಬೇಕು, ಕೊನೆಗೆ ಆ ಹಾಳು ಪಿಚ್ ಮೇಲೆ ತಾವೇ ಬ್ಯಾಟ್ ಹಿಡಿಯಬೇಕು. ಹೀಗಾಗಿ ಹಿಂದೆ ಬಿದ್ದವರಿಗೆ ಫಾಲೋ-ಆನ್ ಬೇಕು, ಮುಂದಿದ್ದವರಿಗೆ ಬೇಡ ಎಂಬ ತಲೆಕೆಳಗಾದ ಪರಿಸ್ಥಿತಿ!

1893ರ ಆಕ್ಸ್‌ಫರ್ಡ್-ಕೇಂಬ್ರಿಜ್ ಪಂದ್ಯದಲ್ಲಿ ಇದು ಬಯಲಿಗೆ ಬಂತು. ಲಾರ್ಡ್ಸ್‌ನಲ್ಲಿ ಆಕ್ಸ್‌ಫರ್ಡಿನ ಕೊನೆಯ ಜೋಡಿ ಫಾಲೋ-ಆನ್ ಗಿಟ್ಟಿಸಲು ಬೇಕೆಂದೇ ಔಟಾಗಲು ನೋಡುತ್ತಿದೆ ಎಂಬ ಗುಮಾನಿ ಬಂದದ್ದೇ ತಡ, ಕೇಂಬ್ರಿಜ್‌ನ ಬೌಲರ್ ವೆಲ್ಸ್, ಅಂತರ 80ಕ್ಕಿಂತ ಕಡಿಮೆಯಾಗಲೆಂದು, ಚೆಂಡನ್ನು ಎರಡು ಸಲ ಬ್ಯಾಟ್ಸ್‌ಮನ್‌ಗೆ ಎಟುಕದಂತೆ ಬೌಂಡರಿಗೆ ಎಸೆದು 8 ರನ್ ದಾನ ಮಾಡಿದ. (ಆ ಕೇಂಬ್ರಿಜ್ ತಂಡದಲ್ಲಿ ನಮ್ಮ ರಣಜಿತ್‌ಸಿಂಹಜಿಯೂ ಇದ್ದರು.) ಮಿತಿಯನ್ನು 120ಕ್ಕೆ ಏರಿಸಿದ್ದರಿಂದಲೂ ರೋಗ ವಾಸಿಯಾಗಲಿಲ್ಲ. 1896ರಲ್ಲಿ ಕೇಂಬ್ರಿಜ್ ನಾಯಕ ಫ್ರಾಂಕ್ ಮಿಚೆಲ್‌ನ ಮಾತಿನಂತೆ ಶೈನ್ ಎಂಬ ಬೌಲರ್ ಮೂರು ಚೆಂಡುಗಳನ್ನು ಬೌಂಡರಿಗೆ ಕಳಿಸಿ 12 ರನ್ ಕೊಟ್ಟ. ಪೆವಿಲಿಯನ್‌ನಲ್ಲಿದ್ದ ಹಿರಿಯ ಸದಸ್ಯರೇ ಎದ್ದು ಕೂಗಾಡಿದರು. ಲೆಕ್ಕ ನೋಡಿ: ಕೇಂಬ್ರಿಜ್ 319, ಆಕ್ಸ್‌ಫರ್ಡ್ 202. ಅಂತರ 117, ಫಾಲೋ-ಆನ್ ತಪ್ಪಿತು. ಆದರೆ ಉಪಾಯ ಕೈಕೊಟ್ಟಿತು. ಕೊನೆಯ ಇನಿಂಗ್ಸಿನಲ್ಲಿ 330 ರನ್ ಬೇಕಿದ್ದ ಆಕ್ಸ್‌ಫರ್ಡ್, ಜಿ. ಒ. ಸ್ಮಿತ್‌ನ 132 ರನ್ ಬಲದಿಂದ 4 ವಿಕೆಟ್‌ಗಳಿಂದ ಗೆದ್ದಿತು. 1900ರಲ್ಲಿ ಮಿತಿ 150 ರನ್ ಆಯಿತು, ಹೇರುವ ಆಯ್ಕೆಯೂ ನಾಯಕನ ಕೈಗೆ ಬಂತು. ಶೈನ್ ಮಾಡಿದ್ದರಲ್ಲಿ ನಿಯಮ ಮೀರಿದ್ದು ಏನೂ ಇರಲಿಲ್ಲ. ತಪ್ಪು ನಿಯಮದ್ದೇ.

ಪ್ರಶ್ನೆ: ಫುಟ್‌ಬಾಲ್‌ನಲ್ಲಿ ಪೆನಾಲ್ಟಿ ಇಲ್ಲದ ಕಾಲದಲ್ಲಿ ಗೋಲಿನ ಬಾಯಲ್ಲಿ ಕೈಯಿಂದ ಚೆಂಡು ತಡೆದರೆ ಏನು ಶಿಕ್ಷೆ? (ಹುಬ್ಬಳ್ಳಿ)

ಉತ್ತರ: ತಪ್ಪಾದ ಜಾಗದಿಂದಲೇ ಒಂದು ಫ್ರೀ ಕಿಕ್, ಅಷ್ಟೇ. 1891ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಎಫ್.ಎ. ಕಪ್ ಪಂದ್ಯಾವಳಿಯ ಕ್ವಾರ್ಟರ್ ಫೈನಲ್. ಸ್ಟೋಕ್ ವಿರುದ್ಧ ನಾಟ್ಸ್ ಕೌಂಟಿ 1-0 ಮುಂದೆ. ಕೊನೆಯ ಗಳಿಗೆಯಲ್ಲಿ ಕೌಂಟಿಯ ಹೆಂಡ್ರಿ ಒಳಹೋಗುತ್ತಿದ್ದ ಚೆಂಡನ್ನು ಗೋಲು ಗೆರೆಯ ಮೇಲೆ ಕೈಯಿಂದ ಗುದ್ದಿ ಹೊರಹಾಕಿದ. ಫ್ರೀ ಕಿಕ್ ಸಿಕ್ಕಿತು, ಸರಿ. ಆದರೆ ಚೆಂಡು ಗೆರೆಗೆ ಅಂಟಿಕೊಂಡಂತಿತ್ತು. ಎದುರಿಗೆ ಗೋಲ್‌ಕೀಪರ್, ಅವನ ಜೊತೆಗೆ ತಂಡವೆಲ್ಲ ಗೋಡೆಯಂತೆ ನಿಂತಿತು. ಒದ್ದ ಚೆಂಡು ಹೋಗುವುದಾದರೂ ಎಲ್ಲಿಗೆ? ಸ್ಟೋಕ್ ಸೋತಿತು.

ಐರ್ಲೆಂಡಿನ ಆರ್ಮಾ ಕೌಂಟಿಯ ಮಿಲ್‌ಫರ್ಡ್ ತಂಡದ ಗೋಲ್‌ಕೀಪರ್ ವಿಲಿಯಂ ಮೆಕ್‌ಕ್ರಮ್ ಅದಾಗಲೇ ಪೆನಾಲ್ಟಿಯ ಸಲಹೆ ಕೊಟ್ಟಿದ್ದ. ಸಭ್ಯಸ್ಥರು ಬೇಕೆಂದೇ ಮೋಸ ಮಾಡುತ್ತಾರೆಯೇ ಎಂದು ಹವ್ಯಾಸಿ ಆಟಗಾರರು ಸಿಡುಕಿದ್ದರು. 1891ರ ಜೂನ್ 2ರಂದು ನಿಯಮ ಒಪ್ಪಿಗೆಯಾಯಿತು. ಇಂದಿನ ಪೆನಾಲ್ಟಿಯೇ ಎಂದುಕೊಳ್ಳಬೇಡಿ: ಚುಕ್ಕೆ ಇರಲಿಲ್ಲ. ಗೋಲಿನಿಂದ 12 ಗಜ ದೂರದಲ್ಲಿ ಮೈದಾನದ ಅಡ್ಡಕ್ಕೂ ಎಳೆದ ಗೆರೆಯ ಮೇಲೆ ಎಲ್ಲಿಂದ ಬೇಕಾದರೂ ಒದೆಯಬಹುದಿತ್ತು, ಗೋಲ್‌ಕೀಪರ್ 6 ಗಜ ಮುಂದೆ ಬರಬಹುದಿತ್ತು. 18 ಗಜದ ಪೆನಾಲ್ಟಿ ಆವರಣ ಮತ್ತು ಚುಕ್ಕೆ ಬಂದದ್ದು 1902ರಲ್ಲಿ.

ಪ್ರಶ್ನೆ: ಮೊದಲ ವಿಂಬಲ್ಡನ್‌ನಲ್ಲಿ ನೆಟ್ ಈಗಿನದಕ್ಕಿಂತ ಎತ್ತರವಿತ್ತೇ? (ಉಡುಪಿ)

ಉತ್ತರ: ಅಂಚಿನಲ್ಲಿ ಬಹಳ ಎತ್ತರ. 1877ರಲ್ಲಿ ಕಂಬದ ಬಳಿ 5 ಅಡಿ, ನಡುವೆ 3 ಅಡಿ 3 ಅಂಗುಲ. ಅಂಕಣವೇನೋ ಹಳೆಯ ಡಮರುಗದ ಆಕಾರ ಬಿಟ್ಟು 78 ಅಡಿ ಉದ್ದ, 27 ಅಡಿ ಅಗಲದ ಆಯತವಾಗಿತ್ತು, ಆದರೆ ಈ ಜೋತುಬಿದ್ದ ನೆಟ್ ಉಳಿದಿತ್ತು. ಆ ವರ್ಷ ಗೆದ್ದ ಸ್ಪೆನ್ಸರ್ ಗೋರ್ ಹಿಡಿದ ಗುಟ್ಟು ಇದೇ. ಪಕ್ಕದ ಗೆರೆಗುಂಟ ಚೆಂಡು ದಾಟಿಸಬೇಕಾದರೆ ಸುಮಾರು ಎದೆಯೆತ್ತರದ ನೆಟ್ಟನ್ನು ದಾಟಿಸಬೇಕು, ಅದಕ್ಕೆ ನಿಧಾನವಾಗಿ ಎತ್ತಿ ಹೊಡೆಯಬೇಕು. ಹಾಗಾಗಿ ಎದುರಾಳಿಗಳು ತಗ್ಗಿದ ನಡುವಿನ ಮೇಲೇ ಹೊಡೆಯುತ್ತಿದ್ದರು. ಗೋರ್ ಅಲ್ಲೇ ನೆಟ್‌ಗೆ ಹತ್ತಿರ ನಿಂತು, ಚೆಂಡು ನೆಲ ಮುಟ್ಟುವ ಮೊದಲೇ ವಾಲಿ ಹೊಡೆದು ಮುಗಿಸುತ್ತಿದ್ದ. ಮರುವರ್ಷ ಸಿಲೋನಿನ ಕಾಫಿ ತೋಟದಿಂದ ರಜೆಯ ಮೇಲೆ ಬಂದಿದ್ದ ಫ್ರಾಂಕ್ ಹ್ಯಾಡೊ ಅವನ ತಲೆಯ ಮೇಲಿಂದ ಲಾಬ್ ಹಾಕಿ ಹಾಕಿ ಸೋಲಿಸಿದ. ಕಂಬದ ಬಳಿಯ ಎತ್ತರ ಹಂತಹಂತವಾಗಿ ಇಳಿದು 1882ರಲ್ಲಿ 3 ಅಡಿ 6 ಅಂಗುಲಕ್ಕೆ ನಿಂತಿತು. ಈಗಲೂ ಅಷ್ಟೇ.

ಪ್ರಶ್ನೆ: ಓವರ್‌ಗೆ ನಾಲ್ಕೇ ಬಾಲ್ ಇದ್ದದ್ದು ಯಾವಾಗ? (ತುಮಕೂರು)

ಉತ್ತರ: ಇಂಗ್ಲೆಂಡಿನಲ್ಲಿ 1888ರವರೆಗೆ. 1889ರಲ್ಲಿ 5, 1900ರಲ್ಲಿ 6 ಆಯಿತು. ಪ್ರತಿ ಓವರ್ ಮುಗಿದಾಗ ಪಿಚ್‌ನ ತುದಿ ಬದಲಿಸುವಾಗ ವ್ಯರ್ಥವಾಗುತ್ತಿದ್ದ ಸಮಯ ಇದರಿಂದ ಉಳಿಯಿತು. ಡಿಕ್ಲೇರ್ ಮಾಡುವ (ಎಲ್ಲರೂ ಔಟಾಗುವ ಮೊದಲೇ ಇನಿಂಗ್ಸ್ ಮುಗಿಯಿತೆಂದು ಸಾರುವ) ಹಕ್ಕು ಬಂದದ್ದೂ 1889ರಲ್ಲೇ, ಅದೂ ಪಂದ್ಯದ ಕೊನೆಯ ದಿನಕ್ಕೆ ಮಾತ್ರ. ಅದಕ್ಕೂ ಮುಂಚೆ ಇನಿಂಗ್ಸ್ ಬೇಗ ಮುಗಿಸಬೇಕೆಂದರೆ ಬ್ಯಾಟ್ಸ್‌ಮನ್‌ಗಳು ತಾವಾಗಿಯೇ ವಿಕೆಟ್ ಒಪ್ಪಿಸಬೇಕಿತ್ತು.