ಮೊದಲು ಬೆಡ್ ನಂಬರಿನಿಂದ ಕರೆಯುವುದನ್ನು ಬಿಡಿ

ವಾರ್ಡಿನಲ್ಲಿ ರೋಗಿಯ ಬೆಡ್ ಬದಲಿಸುವಾಗ ಸಿಬ್ಬಂದಿ ಒಬ್ಬರಿಗೊಬ್ಬರು ಹೇಳಬೇಕಾದದ್ದು ತಪ್ಪಿಹೋಗುತ್ತದೆ, ಏನು ಮಾಡಬೇಕು ಎಂದು ಕೇಳಿದ್ದೀರಿ. ನಾನು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಸ್ಟಾಫ್ ನರ್ಸ್. ನನ್ನ ಉತ್ತರ ಶುರುವಾಗುವುದು ಬೆಡ್ ನಂಬರಿನಿಂದಲೇ.

ಒಮ್ಮೆ ನಮ್ಮ ವಾರ್ಡಿನಲ್ಲಿ 12ನೇ ಬೆಡ್‌ನಲ್ಲಿದ್ದ ಬಸಪ್ಪನವರನ್ನು ಕಿಟಕಿ ಪಕ್ಕದ 4ಕ್ಕೆ ಕಳಿಸಿದರು. ಅರ್ಧ ತಾಸಿನಲ್ಲಿ 12ಕ್ಕೆ ಹೊಸಬರು ಬಂದರು. ಅವರೂ ಬಸಪ್ಪನೇ, ನಮ್ಮ ಕಡೆ ಇದೇನು ಅಪರೂಪವಲ್ಲ. "12ಕ್ಕ ಊಟಕ್ಕ ಮೊದಲ ಇನ್ಸುಲಿನ್ ಐತಿ" ಎಂದು ಹೇಳಿ ಬೆಳಗಿನ ಸಿಸ್ಟರ್ ಹೋಗಿದ್ದರು. ನಾನು ಸಿರಿಂಜ್ ಹಿಡಿದು ಹತ್ತಿರ ಹೋದಾಗ ಆ ಹಿರಿಯರು ಕೈ ಹಿಂದಕ್ಕೆಳೆದುಕೊಂಡು, "ನನಗ ಶುಗರ್ ಇಲ್ಲವ್ವಾ, ಸೂಜಿ ಯಾಕ?" ಅಂದರು. ಅವರಿಗೆ ಮಂಪರು ಇದ್ದಿದ್ದರೆ ನಾನು ಚುಚ್ಚಿಬಿಡುತ್ತಿದ್ದೆ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಕೊಟ್ಟ ರೋಗಿ ಸುರಕ್ಷತೆಯ ಒಂಬತ್ತು ಸೂತ್ರಗಳಲ್ಲಿ ಇದೂ ಇದೆ: ಕನಿಷ್ಠ ಎರಡು ಗುರುತು ನೋಡಿ, ಕೋಣೆಯ ನಂಬರು ಗುರುತಲ್ಲ. ಹೆಸರಿನ ಜೊತೆ ಹುಟ್ಟಿದ ದಿನ ಕೇಳಬಹುದು ಎನ್ನುತ್ತಾರೆ. ಕುಂದಗೋಳ, ನವಲಗುಂದದ ಕಡೆಯಿಂದ ಬರುವ ಎಷ್ಟೋ ಹಿರಿಯರಿಗೆ ಅದು ಗೊತ್ತಿರುವುದಿಲ್ಲ. ಅದಕ್ಕೇ ನಾವು ಹೆಸರು, ಕೈಪಟ್ಟಿಯ ಐಪಿ ನಂಬರ್ (ದಾಖಲಾದಾಗ ಆಸ್ಪತ್ರೆ ಕೊಡುವ ನಂಬರು) ನೋಡಿ, ಊರನ್ನೂ ಕೇಳುತ್ತೇವೆ. "ಬಸಪ್ಪ ಅಲ್ಲೇನ್ರಿ?" ಅಂತ ಮಾತ್ರ ಕೇಳಬೇಡಿ. ಕಿವಿ ಮಂದ ಇರುವವರು, ಹೆದರಿದವರು ಎಲ್ಲದಕ್ಕೂ "ಹೂಂ" ಅಂದುಬಿಡುತ್ತಾರೆ. "ನಿಮ್ಮ ಹೆಸರೇನ್ರಿ? ಯಾವೂರ್ರಿ?" ಅನ್ನಿ, ಅವರ ಬಾಯಿಂದಲೇ ಬರಲಿ.

ಇನ್ನು ಫೋನಿನಲ್ಲಿ "ಪೇಷಂಟ್ ಕಳಸ್ತೇನ್ರಿ", "ಕಳಸ್ರಿ" ಅಂದರೆ ಹ್ಯಾಂಡೋವರ್, ಅಂದರೆ ರೋಗಿಯ ಜವಾಬ್ದಾರಿಯನ್ನು ಒಪ್ಪಿಸುವುದು, ಆಗಲಿಲ್ಲ. ಇಬ್ಬರು ಸಿಸ್ಟರ್ ರೋಗಿಯ ಮುಂದೆಯೇ ನಿಂತು ಮಾತಾಡಬೇಕು. ಅಮೆರಿಕದ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದ ಎಸ್‌ಬಿಎಆರ್ (ಸಿಚುಯೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್) ಎಂಬ ಮಾಹಿತಿ ಹೇಳುವ ಕ್ರಮವನ್ನು ನಾನು ಹೀಗೆ ಕಲಿಸುತ್ತೇನೆ: ಈಗ ಹೆಂಗದಾರ, ಯಾಕ ಬಂದಿದ್ರು, ನನಗ ಏನ್ ಅನಸ್ತದ, ನೀವೇನ್ ಮಾಡಬೇಕು. ಕೇಳಿಸಿಕೊಂಡವರು ಔಷಧಿ, ಅಲರ್ಜಿ, ಮುಂದಿನ ಡೋಸ್ ಸಮಯವನ್ನು ತಿರುಗಿ ಹೇಳಬೇಕು. ಡ್ಯೂಟಿ ಬದಲಾಗುವ ಹೊತ್ತಿನಲ್ಲಿ, ತುರ್ತಿಲ್ಲದಿದ್ದರೆ, ಬೆಡ್ ಬದಲಿಸಲೇಬೇಡಿ.

ವಾರ್ಡ್ ಬಾಯ್‌ಗೆ ಯಾರೂ ಏನೂ ಹೇಳುವುದಿಲ್ಲ, ಇದು ನನಗೆ ಬಹಳ ನೋವಿನ ವಿಷಯ. ಲಿಫ್ಟಿನಲ್ಲಿ ರೋಗಿಯ ಪಕ್ಕ ನಿಲ್ಲುವವನು ಅವನೇ. "ಅಣ್ಣಾ, ಬಲಗಡೆ ಸೊಂಟದ ಆಪರೇಷನ್ ಆಗೇತಿ, ಆ ಕಡೆ ಹೊರಳಸಬ್ಯಾಡ್ರಿ. ಎದೆಗೆ ಹಾಕಿದ ನಳಿಗೆಯ ಬಾಟ್ಲಿ ಎದೆಗಿಂತ ಕೆಳಗೇ ಇರಲಿ" ಎಂದು ಹೇಳಲು ಅರ್ಧ ನಿಮಿಷ ಸಾಕು. ಆಕ್ಸಿಜನ್ ಲೆಕ್ಕವನ್ನೂ ಮೊದಲೇ ಮಾಡಿ: 1,500 ಲೀಟರ್‌ನ ಬಿ-ಟೈಪ್ ಸಿಲಿಂಡರ್ ಅರ್ಧ ಉಳಿದಿದ್ದರೆ, ನಿಮಿಷಕ್ಕೆ 10 ಲೀಟರ್‌ನಂತೆ ಹೆಚ್ಚೆಂದರೆ 75 ನಿಮಿಷ. ಎತ್ತುವಾಗ ಎಣಿಸುವುದು ತಲೆಯ ಕಡೆ ನಿಂತವರು ಮಾತ್ರ. ಮೂರು ಅಂದಾಗಲೇ ಎತ್ತುವುದೋ, ಅಂದ ಮೇಲೋ ಎಂಬುದು ಮೊದಲೇ ತೀರ್ಮಾನವಾಗಿರಲಿ.

ಮನೆಯವರನ್ನೂ ಮರೆಯಬೇಡಿ. ಕೆಳಗೆ ಚಹಾ ಕುಡಿದು ಬಂದ ಮಗಳು ಅಪ್ಪನ ಬೆಡ್ ಖಾಲಿ ಇರುವುದನ್ನು ಕಂಡು ಬಾಗಿಲಲ್ಲೇ ಕುಸಿದು ಕೂತದ್ದನ್ನು ನೋಡಿದ್ದೇನೆ. ಅಪ್ಪ ಎರಡು ಬೆಡ್ ಆಚೆ ಆರಾಮಾಗಿ ಮಲಗಿದ್ದರು. ಅಂದಿನಿಂದ ನಮ್ಮಲ್ಲಿ ಸ್ಟ್ರೆಚರ್ ಹೊರಡುವ ಮೊದಲು ಮನೆಯವರಿಗೆ ಫೋನ್ ಹೋಗುತ್ತದೆ.