ಬಾತ್‌ಟಬ್‌ನಲ್ಲಿ ನೀರು ಇಳಿಯುತ್ತಿಲ್ಲ, ಯಾವ ಡ್ರೈನ್ ಕ್ಲೀನರ್ ಹಾಕಿದರೆ ಒಳ್ಳೆಯದು?

ಯಾವುದೂ ಬೇಡ. ಅಡುಗೆ ಸೋಡ, ವಿನೆಗರ್ ಸುರಿದು ನೋಡಿದೆ, ಪಾದ ಮುಳುಗುವಷ್ಟು ನೀರು ಹಾಗೇ ನಿಂತಿದೆ ಅಂತ ಬರೆದಿದ್ದೀರಿ. ನಿಲ್ಲದೆ ಇನ್ನೇನಾಗುತ್ತದೆ? ಬುರುಬುರು ನೊರೆ ಬರುತ್ತದೆ, ನೋಡೋಕೆ ಚೆನ್ನಾಗಿರುತ್ತದೆ, ಅಷ್ಟೇ. ಪೈಪಿನಲ್ಲಿ ಕಟ್ಟಿಕೊಂಡಿರುವ ಕೂದಲಿಗೆ ಅದರಿಂದ ಏನೂ ಆಗುವುದಿಲ್ಲ.

ನ್ಯೂಜೆರ್ಸಿಯಲ್ಲಿ ನಾವು ಬಾಡಿಗೆಗಿದ್ದಾಗ ನಮಗೂ ಇದೇ ಗೋಳು. ಅಮ್ಮ ಊರಿಂದ ಬಂದಿದ್ದರು. ಶನಿವಾರ ಬಂತೆಂದರೆ ಮಕ್ಕಳ ತಲೆಗೆ ಕೊಬ್ಬರಿ ಎಣ್ಣೆ ತಟ್ಟಿ ಎಣ್ಣೆಸ್ನಾನ. ಚಳಿಗಾಲ ಬೇರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ ಅಲ್ವಾ, ಬಾಟಲಿಯನ್ನು ಬಿಸಿನೀರಲ್ಲಿಟ್ಟು ಕರಗಿಸಿಯೇ ಹಚ್ಚುತ್ತಿದ್ದರು. ಅದೇ ಎಣ್ಣೆ ತಣ್ಣಗಿರುವ ಪೈಪಿನೊಳಗೆ ಹೋಗಿ ಮತ್ತೆ ಗಟ್ಟಿಯಾಗುತ್ತದೆ, ಕೂದಲನ್ನು ಹಿಡಿದು ಕೂರಿಸುತ್ತದೆ ಅಂತ ಯಾರಿಗೆ ಹೊಳೆಯುತ್ತದೆ!

"ಮೊದ್ಲು ಜಾಲರಿ ಎತ್ತಿ ಕೂದ್ಲು ತೆಗಿಯೋ" ಅಂದರು ಅಮ್ಮ. ಊರಿನ ಬಚ್ಚಲಲ್ಲಿ ನಾವು ಮಾಡೋದೇ ಅದು, ಒಂದು ಪೊರಕೆಕಡ್ಡಿ ಸಾಕು. "ಇಲ್ಲಿ ಜಾಲರಿ ಎಲ್ಲ ಇರಲ್ಲಮ್ಮ" ಅಂದುಬಿಟ್ಟೆ. ಅಂಗಡಿಗೆ ಹೋಗಿ ಇದ್ದುದರಲ್ಲೇ ಸ್ಟ್ರಾಂಗ್ ಅನ್ನೋ ಕ್ಲೀನರ್ ತಂದು ನಿಂತ ನೀರಿಗೇ ಸುರಿದೆ. ಸ್ವಲ್ಪ ಹೊತ್ತು ಕಾದೆ. ನೀರು ಒಂದಿಷ್ಟು ಇಳಿದ ಹಾಗೆ ಕಂಡಿತು. ಇನ್ನೊಂಚೂರು ನೂಕಿದರೆ ಆಯಿತು ಅಂತ ಪ್ಲಂಜರ್ (ತುದಿಯಲ್ಲಿ ರಬ್ಬರ್ ಬಟ್ಟಲಿರುವ ಕೋಲು) ತಗೊಂಡು ಜೋರಾಗಿ ಒತ್ತಿದೆ.

ನಾನು ಹಾಳಾಗಿದ್ದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟಬ್ಬಿನ ಗೋಡೆಯಲ್ಲಿ, ನಲ್ಲಿಯ ಕೆಳಗೆ ದುಂಡನೆಯ ಒಂದು ತಟ್ಟೆ ಇರುತ್ತದೆ ನೋಡಿ. ಅದು ಅಂದಕ್ಕೆ ಹಾಕಿದ್ದಲ್ಲ. ಟಬ್ ತುಂಬಿ ಹರಿಯದಿರಲಿ ಅಂತ ಇರುವ ಓವರ್‌ಫ್ಲೋ ತೂತು. ಅದರ ಹಿಂದಿನ ಪೈಪು ಕೆಳಗಿಳಿದು ತಳದ ತೂತಿನ ಪೈಪಿಗೇ ಸೇರುತ್ತದೆ. ಅಂದರೆ ಕೆಳಗೆ ನೀವು ಪ್ಲಂಜರ್ ಒತ್ತಿದರೆ ಆ ಒತ್ತಡ ಕಟ್ಟಿಕೊಂಡ ಜಾಗಕ್ಕೆ ಹೋಗುವ ಬದಲು ಸುಲಭದ ದಾರಿ ಹಿಡಿದು ಈ ತೂತಿನಿಂದ ಮೇಲೆ ಬರುತ್ತದೆ. ಒದ್ದೆ ಬಟ್ಟೆ ತುರುಕಿ ಅದನ್ನು ಮುಚ್ಚದೆ ಪ್ಲಂಜರ್ ಹಾಕೋದೇ ದಂಡ. ನಾನು ಮುಚ್ಚಿರಲಿಲ್ಲ. ಅಷ್ಟೇ ಆಗಿದ್ದರೆ ಬರೀ ಕೊಳಕು ನೀರು ಹಾರುತ್ತಿತ್ತು, ಒರೆಸಿಕೊಳ್ಳಬಹುದಿತ್ತು. ಆದರೆ ಆ ನೀರಲ್ಲಿ ನಾನು ಸುರಿದ ಕ್ಲೀನರ್‌ನ ಕಾಸ್ಟಿಕ್ ಸೋಡ ಇತ್ತು.

ಮೊಣಕೈವರೆಗೂ ಚಿಮ್ಮಿತು. ಉರಿ ತಕ್ಷಣ ಬರಲಿಲ್ಲ. ಚರ್ಮ ಜಾರುತ್ತಿತ್ತು, ಸೋಪು ಹಚ್ಚಿದ ಹಾಗೆ. ಕಾಸ್ಟಿಕ್ ಸೋಡ ಎಣ್ಣೆ, ಕೊಬ್ಬನ್ನು ಸೋಪು ಮಾಡುತ್ತದೆ, ಚರ್ಮದ ಜಿಡ್ಡನ್ನೂ ಬಿಡುವುದಿಲ್ಲ. ಏನಾಗಲ್ಲ ಅಂತ ಟವೆಲ್‌ನಲ್ಲಿ ಒರೆಸಿಕೊಂಡು ಸುಮ್ನಾದೆ. ಆಗಲೇ ನಲ್ಲಿ ಬಿಟ್ಟು ಇಪ್ಪತ್ತು ನಿಮಿಷ ಕೈ ತೊಳೆಯಬೇಕಿತ್ತು. ರಾತ್ರಿಗೆ ಕೈ ಕೆಂಪಗೆ ಬೊಬ್ಬೆ ಎದ್ದಿತು. ಡಾಕ್ಟರ ಬಿಲ್ಲು ನೋಡಿ ಇನ್ನೂ ಜಾಸ್ತಿ ಉರಿಯಿತು. ಕಣ್ಣಿಗೆ ಹಾರಲಿಲ್ಲ, ಪುಣ್ಯ.

ಆಮೇಲೆ ಪ್ಲಂಬರ್ ಬಂದ. ಬಂದವನೇ ಏನು ಸುರಿದಿರಿ ಅಂತ ಕೇಳಿ, ಕನ್ನಡಕ, ದಪ್ಪ ಗ್ಲೌಸ್ ಹಾಕಿಕೊಂಡ. ತಳದ ತೂತು ಮುಚ್ಚುವ ಸ್ಟಾಪರಿನ ಗುಬುಟು ಹಿಡಿದು ಎಡಕ್ಕೆ ತಿರುಗಿಸಿದ, ಪೂರ್ತಿ ಕೈಗೆ ಬಂತು! ಕೆಳಗೆ ಅಡ್ಡಪಟ್ಟಿ. ಅಮ್ಮ ಹೇಳಿದ ಜಾಲರಿ ಅಂದರೆ ಅದೇ. ಅದಕ್ಕೆ ಸುತ್ತಿಕೊಂಡಿದ್ದ ಕೂದಲನ್ನು ಎಳೆದ. ಬೂದು ಬಣ್ಣದ ಲೋಳೆ, ನಡುನಡುವೆ ಬೆಳ್ಳಗಿನ ಎಣ್ಣೆಗಟ್ಟಿ, ಒಂದು ಸೊಟ್ಟಗಾದ ಹೇರ್‌ಪಿನ್. ಗಳಗಳ ಅಂತ ನೀರು ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಏನೂ ಅನ್ನಲಿಲ್ಲ, ಅದೇ ಕಷ್ಟವಾಗಿದ್ದು.

ನೀವೂ ಅದನ್ನೇ ಮಾಡಿ. ಗ್ಲೌಸ್ ಹಾಕಿ, ನಿಂತ ನೀರನ್ನು ಮಗ್ಗಲ್ಲಿ ಎತ್ತಿ ಹಾಕಿ, ಸ್ಟಾಪರ್ ಬಿಚ್ಚಿ. ಟಬ್ಬಿನ ಗೋಡೆಯ ತಟ್ಟೆಯಲ್ಲೇ ಲಿವರ್ ಇದ್ದರೆ ಅದರ ಸ್ಕ್ರೂ ತೆಗೆದು ಮೆಲ್ಲಗೆ ಎಳೆಯಿರಿ, ಒಳಗಿನ ಸರಳೂ ಕೂದಲೂ ಜೊತೆಗೇ ಬರುತ್ತವೆ. ಆಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮುಳ್ಳುಮುಳ್ಳಾದ ಉದ್ದನೆಯ ಪ್ಲಾಸ್ಟಿಕ್ ಪಟ್ಟಿ ಇಳಿಸಿ, ತಿರುಗಿಸಿ, ಎಳೆಯಿರಿ. ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕು. ಕೊನೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನಲ್ಲಿಯ ಬಿಸಿನೀರು ಬಿಡಿ. ಕುದಿಯುವ ನೀರು ಬೇಡ, ಪಿವಿಸಿ ಪೈಪು 60 ಡಿಗ್ರಿಗಿಂತ ಮೇಲೆ ತಡೆಯುವುದಿಲ್ಲ.

ಎಣ್ಣೆ ಹಚ್ಚೋದು ಬಿಡಬೇಕಾಗಿಲ್ಲ. ನೀರು ಹಾಕುವ ಮೊದಲು ಟಿಶ್ಯೂನಲ್ಲಿ ಒರೆಸಿ, ತೂತಿನ ಮೇಲೆ ಕೂದಲು ಹಿಡಿಯುವ ಜಾಲರಿ ಇಡಿ.

ಸಿಂಕು, ಕಮೋಡು ಎಲ್ಲದರಲ್ಲೂ ನೀರು ಮೇಲೆ ಬರುತ್ತಿದ್ದರೆ ಕಟ್ಟಿರುವುದು ದೊಡ್ಡ ಪೈಪು. ಅದಕ್ಕೆ ಕೈ ಹಾಕಬೇಡಿ, ಮನೆ ಓನರಿಗೆ ಫೋನ್ ಮಾಡಿ. ಇನ್ನು ಇದನ್ನು ಓದುವ ಮೊದಲೇ ಕ್ಲೀನರ್ ಸುರಿದುಬಿಟ್ಟಿದ್ದರೆ ಅದರ ಮೇಲೆ ಮತ್ತೆ ವಿನೆಗರ್ ಹಾಕಲು ಹೋಗಬೇಡಿ. ಕೆಲವು ಕ್ಲೀನರ್‌ಗಳಲ್ಲಿ ಬ್ಲೀಚ್ ಇರುತ್ತದೆ, ಹುಳಿ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಪ್ಲಂಬರ್ ಬಂದಾಗ ಬಾಗಿಲಲ್ಲೇ ಆ ಬಾಟಲಿ ತೋರಿಸಿ.