ರೇಷನ್ ಕಾರ್ಡ್ ಊರಲ್ಲಿದ್ದರೆ ಬೆಂಗಳೂರಿನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಸಿಗುತ್ತದಾ?

ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದೇವೆ, ಬಿಪಿಎಲ್ ಕಾರ್ಡ್ ಊರಲ್ಲೇ ಇದೆ, ಟಿಸಿ ಕೂಡ ತಂದಿಲ್ಲ, ಎರಡನೇ ಮತ್ತು ಆರನೇ ಕ್ಲಾಸಿನ ಮಕ್ಕಳಿಗೆ ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಊಟ ಕೊಡ್ತಾರಾ ಅಂತ ಕೇಳಿದ್ದೀರಿ.

ಖಂಡಿತ ಕೊಡುತ್ತಾರೆ. ಬಿಸಿಯೂಟಕ್ಕೆ ರೇಷನ್ ಕಾರ್ಡ್ ಬೇಕಿಲ್ಲ, ಆದಾಯ ಪ್ರಮಾಣಪತ್ರವೂ ಬೇಡ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಮಗು ಸೇರಿದ್ದರೆ ಸಾಕು, 1ರಿಂದ 10ನೇ ಕ್ಲಾಸಿನವರೆಗೆ ಊಟ ಇದೆ. ಪೂರ್ತಿ ಖಾಸಗಿ ಶಾಲೆಗಳಲ್ಲಿ ಮಾತ್ರ ಇಲ್ಲ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಿಮ್ಮ ಹಾಗೆ ಕೆಲಸಕ್ಕೆ ಬಂದವರು ಬಾಗಿಲಲ್ಲೇ ನಿಂತು "ಕಾರ್ಡ್ ಇಲ್ಲ ಮೇಡಂ" ಅಂತ ಹಿಂಜರಿಯುತ್ತಾರೆ. ಯಾರೂ ಕೇಳದ ಕಾಗದಕ್ಕೆ ಹೆದರಿ ಮಕ್ಕಳನ್ನು ಶೆಡ್‌ನಲ್ಲೇ ಬಿಟ್ಟುಹೋಗುವವರೂ ಇದ್ದಾರೆ. ಅದನ್ನು ನೋಡಿದರೆ ನನಗೆ ತುಂಬಾ ಸಂಕಟ ಆಗುತ್ತದೆ.

ಟಿಸಿ ವಿಷಯಕ್ಕೂ ಚಿಂತೆ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಟಿಸಿ ತಡವಾಯ್ತು ಅಂತ ದಾಖಲಾತಿ ನಿರಾಕರಿಸುವ ಹಾಗಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ ವಾಪಸ್ ಕಳಿಸುವ ಹಾಗಿಲ್ಲ. ಮಧ್ಯದಲ್ಲಿ ಬಂದರೂ ಸೇರಿಸಿಕೊಳ್ಳಲೇಬೇಕು. ಯಾರಾದರೂ ಆಗಲ್ಲ ಅಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ.

ಇದು ಯಾರೋ ಮಾಡುವ ದಾನ ಅಲ್ಲ. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶ ಮಾಡಿತು. ಕರ್ನಾಟಕ 2002ರಲ್ಲಿ ಅಕ್ಷರ ದಾಸೋಹ ಅನ್ನುವ ಈ ಬಿಸಿಯೂಟ ಯೋಜನೆ ಶುರು ಮಾಡಿದ್ದೇ ನಿಮ್ಮ ಕಡೆಯ ಜಿಲ್ಲೆಗಳಿಂದ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ 14 ವರ್ಷದವರೆಗಿನ ಮಕ್ಕಳಿಗೆ ಇದು ಕಾನೂನಿನ ಹಕ್ಕು.

ಲೆಕ್ಕ ಹೀಗಿದೆ: ನಿಮ್ಮ ಚಿಕ್ಕ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ದೊಡ್ಡದಕ್ಕೆ 150 ಗ್ರಾಂ. ಜೊತೆಗೆ ಬೇಳೆ, ತರಕಾರಿ. ಕ್ಷೀರಭಾಗ್ಯದ ಹಾಲು ಬೇರೆ. ಮೊಟ್ಟೆ 2024ರಿಂದ ವಾರಕ್ಕೆ ಆರು ದಿನ ಆಗಿದೆ, ತಿನ್ನದವರಿಗೆ ಬಾಳೆಹಣ್ಣು. ನನ್ನನ್ನು ಕೇಳಿದರೆ ಬೆಳೆಯುವ ಮಕ್ಕಳಿಗೆ ಇದರಲ್ಲಿ ಮೊಟ್ಟೆಯೇ ಎಲ್ಲಕ್ಕಿಂತ ಮುಖ್ಯ. ಬೆಂಗಳೂರಿನ ಬಹಳಷ್ಟು ಶಾಲೆಗಳಿಗೆ ಊಟ ದೊಡ್ಡ ಅಡುಗೆಮನೆಗಳಿಂದ ವ್ಯಾನಿನಲ್ಲಿ ಬರುತ್ತದೆ. ಊರಿನ ಶಾಲೆಯ ರುಚಿ ಇರಲ್ಲ. ಮಕ್ಕಳು ಮೊದಮೊದಲು ಊಟ ಬಿಟ್ಟರೆ ಸ್ವಲ್ಪ ಪುಸಲಾಯಿಸಿ.

ಇನ್ನು ನಿಮ್ಮ ಕಾರ್ಡ್. ಅಕ್ಕಿಗೋಸ್ಕರ ಸುಮ್ನೆ ಊರಿಗೆ ಓಡಾಡಬೇಡಿ. ಕಾರ್ಡ್ ನಂಬರ್ ಅಥವಾ ಆಧಾರ್ ನಂಬರ್ ಹೇಳಿ, ಬೆರಳಚ್ಚು ಕೊಟ್ಟು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ತೆಗೆದುಕೊಳ್ಳಬಹುದು. ಮನೆಯವರೆಲ್ಲರ ಇ-ಕೆವೈಸಿ (ಆಧಾರ್ ಮೂಲಕ ಗುರುತು ದೃಢೀಕರಣ) ಆಗಿದೆಯಾ ಅಂತ ಅಲ್ಲೇ ಕೇಳಿ. ಅಂಗಡಿಯವರು ಒಪ್ಪದಿದ್ದರೆ 1967ಕ್ಕೆ ಫೋನ್ ಮಾಡಿ. ಆರು ವರ್ಷದೊಳಗಿನ ಮಗು ಇದ್ದರೆ ಹತ್ತಿರದ ಅಂಗನವಾಡಿಯಲ್ಲಿ ಹೆಸರು ಬರೆಸಿ, ಅಲ್ಲಿಯೂ ಆಹಾರ ಇದೆ.

ಇನ್ನೊಂದು ವಿಷಯ, ಇದು ಪೋಷಕರಿಗೆ ಅಷ್ಟಾಗಿ ಗೊತ್ತಿಲ್ಲ. ಅಕ್ಕಿ ಬಂದಿಲ್ಲ, ಗ್ಯಾಸ್ ಇಲ್ಲ, ಅಡುಗೆಯವರು ಬಂದಿಲ್ಲ ಅಂತ ಶಾಲೆ ನಡೆಯುವ ದಿನ ಊಟ ತಪ್ಪಿದರೆ, 2015ರ ನಿಯಮದ ಪ್ರಕಾರ ಆ ದಿನದ ಧಾನ್ಯ ಮತ್ತು ಅಡುಗೆ ವೆಚ್ಚವನ್ನು ಮುಂದಿನ ತಿಂಗಳ 15ರೊಳಗೆ ಮಗುವಿಗೆ ಕೊಡಬೇಕು. ಹಾಗೇನಾದರೂ ಆದರೆ ಮೊದಲು ಮುಖ್ಯ ಶಿಕ್ಷಕರನ್ನು ಕೇಳಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೂ ಈ ವಿಷಯ ಎತ್ತಿ. ಆ ಸಮಿತಿಯಲ್ಲಿ ಇರುವವರು ಬಹುತೇಕ ನಿಮ್ಮಂತಹ ತಂದೆತಾಯಿಯರೇ.